ವೈರಸ್ ಸತ್ತಿದ್ದು ಯಾವ ಕೋಶದಲ್ಲಿ? ಲ್ಯಾಬ್ ಅಧ್ಯಯನ ಓದುವವರಿಗೊಂದು ಮಾರ್ಗದರ್ಶಿ

2020ರ ಫೆಬ್ರವರಿಯಲ್ಲಿ ಚೀನಾದ ವುಹಾನ್‌ನಿಂದ ಒಂದು ಪುಟ್ಟ ಸಂಶೋಧನಾ ಲೇಖನ ಬಂತು. ಮಲೇರಿಯಾದ ಹಳೇ ಔಷಧಿ ಕ್ಲೋರೋಕ್ವಿನ್ ಹೊಸ ಕೊರೊನಾ ವೈರಸ್ಸನ್ನು ಲ್ಯಾಬ್‌ನಲ್ಲಿ ತಡೆಯುತ್ತದೆ ಅಂತ ಅದರಲ್ಲಿತ್ತು. ಮಾರ್ಚ್‌ನಲ್ಲಿ ಅದರ ತಮ್ಮನಂಥ ಹೈಡ್ರಾಕ್ಸಿಕ್ಲೋರೋಕ್ವಿನ್ ಬಗ್ಗೆಯೂ ಅದೇ ಮಾತು ಬಂತು. ಅದೇ ತಿಂಗಳು ನಮ್ಮ ಐಸಿಎಂಆರ್, ಆರೋಗ್ಯ ಸಿಬ್ಬಂದಿ ಮುಂಜಾಗ್ರತೆಗೆ ಈ ಮಾತ್ರೆ ತಗೋಬಹುದು ಎಂದಿತು. ಅಮೆರಿಕದ ಎಫ್‌ಡಿಎ ತುರ್ತು ಬಳಕೆಗೆ ಒಪ್ಪಿಗೆ ಕೊಟ್ಟಿತು. ಲೂಪಸ್, ಸಂಧಿವಾತಕ್ಕೆ ಇದೇ ಮಾತ್ರೆ ನಂಬಿಕೊಂಡಿದ್ದವರು ಅಂಗಡಿ ಅಂಗಡಿ ಅಲೆದರು.

ಜೂನ್ ಹೊತ್ತಿಗೆ ಕಥೆ ಮುಗಿದಿತ್ತು. ಬ್ರಿಟನ್ನಿನ ರಿಕವರಿ ಟ್ರಯಲ್‌ನಲ್ಲಿ 1,561 ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟು, 3,155 ರೋಗಿಗಳಿಗೆ ಮಾಮೂಲಿ ಚಿಕಿತ್ಸೆಯನ್ನಷ್ಟೇ ಕೊಟ್ಟು ನೋಡಿದ್ದರು. 28 ದಿನದೊಳಗೆ ತೀರಿಕೊಂಡವರು ಮಾತ್ರೆ ತಗೊಂಡವರಲ್ಲಿ ಶೇ. 27, ತಗೊಳ್ಳದವರಲ್ಲಿ ಶೇ. 25. ಮಾತ್ರೆಯಿಂದ ಏನೂ ಉಪಯೋಗವಾಗಿರಲಿಲ್ಲ.

ಹಾಗಾದರೆ ಮೊದಲ ಲೇಖನ ಸುಳ್ಳಾ? ಅಲ್ಲ. ಬೇರೆ ಲ್ಯಾಬ್‌ನವರು ಅದೇ ಪ್ರಯೋಗ ಮಾಡಿದಾಗಲೂ ಅದೇ ಉತ್ತರ ಬಂದಿತ್ತು. ಆದರೆ ಅದು ಆಫ್ರಿಕಾದ ಒಂದು ಜಾತಿಯ ಮಂಗದ ಮೂತ್ರಪಿಂಡದ ಕೋಶದಲ್ಲಿ ಬಂದ ಉತ್ತರ. ಲೇಖನದಲ್ಲೇ ಅದನ್ನು ಬರೆದಿದ್ದರು. ಸುದ್ದಿ ಓದಿದ ನಾವು ಅಲ್ಲಿಯವರೆಗೆ ಹೋಗಲಿಲ್ಲ, ಅಷ್ಟೇ.

ಅಲ್ಲಿಯವರೆಗೆ ಹೋಗುವುದು ಹೇಗೆ ಅಂತ ಹೇಳಲು ಈ ಬರಹ. ಇದಕ್ಕೆ ಜೀವವಿಜ್ಞಾನದ ಪದವಿ ಬೇಡ. ಒಂದು ಪೆನ್ನು, ಒಂದು ಹಾಳೆ, ಅರ್ಧ ಗಂಟೆ ಸಾಕು. ಮುಂದಿನ ಸಲ ‘ವೈರಸ್ ದೇಹಕ್ಕೆ ನುಗ್ಗುವ ದಾರಿ ಪತ್ತೆ’ ಅಂತಲೋ ‘ಕಷಾಯಕ್ಕೆ ವೈರಸ್ ಬಲಿ’ ಅಂತಲೋ ಸುದ್ದಿ ಬಂದರೆ ಹೀಗೆ ಮಾಡಿ.

ಶುರುವಿಗೆ ಮುಂಚೆ: ಸುದ್ದಿ ಬಿಡಿ, ಮೂಲ ಹಿಡಿಯಿರಿ

ಸುದ್ದಿಯ ಕೊನೆಯಲ್ಲಿ ಸಾಮಾನ್ಯವಾಗಿ ಜರ್ನಲ್ ಹೆಸರು ಇರುತ್ತದೆ. ಇಲ್ಲದಿದ್ದರೆ ವೈರಸ್ಸಿನ ಹೆಸರು, ಔಷಧಿಯ ಹೆಸರು ಹಾಕಿ ಪಬ್‌ಮೆಡ್‌ನಲ್ಲಿ ಹುಡುಕಿ. ಪಬ್‌ಮೆಡ್ ವೈದ್ಯಕೀಯ ಲೇಖನ ಹುಡುಕಿಕೊಡುವ ತಾಣ, ಎಲ್ಲರಿಗೂ ಪುಕ್ಕಟೆ. ಪೂರ್ತಿ ಲೇಖನ ಎಷ್ಟೋ ಸಲ ಪುಕ್ಕಟೆಯಾಗಿಯೇ ಸಿಗುತ್ತದೆ. ಬಯೋಆರ್‌ಕೈವ್ ತರಹದ ತಾಣದಲ್ಲಿ ಸಿಕ್ಕರೆ ಅದು ಪ್ರಿಪ್ರಿಂಟ್, ಅಂದರೆ ಬೇರೆ ವಿಜ್ಞಾನಿಗಳು ಇನ್ನೂ ಪರಿಶೀಲಿಸಿಲ್ಲ ಅಂತ ಅರ್ಥ. ಅದನ್ನು ಹಾಳೆಯ ಮೇಲೆ ಬರೆದುಕೊಳ್ಳಿ.

ಲೇಖನ ತೆರೆದ ಮೇಲೆ ಸಾರಾಂಶ ಓದಬೇಡಿ. ಸೀದಾ ‘ಮೆಥಡ್ಸ್’ ಭಾಗಕ್ಕೆ, ಅಂದರೆ ಪ್ರಯೋಗ ಹೇಗೆ ಮಾಡಿದರು ಅಂತ ಬರೆದ ಜಾಗಕ್ಕೆ ಹೋಗಿ. ಸಾರಾಂಶ ಅಂದರೆ ಮದುವೆ ದಲ್ಲಾಳಿಯ ಮಾತು. ಹುಡುಗ ನಿಜಕ್ಕೂ ಏನು ಕೆಲಸ ಮಾಡುತ್ತಾನೆ ಅಂತ ತಿಳಿಯುವುದು ಮೆಥಡ್ಸ್‌ನಲ್ಲಿ. ಅದನ್ನು ಪುಟ್ಟ ಅಕ್ಷರದಲ್ಲಿ ಕೊನೆಗೆ ತಳ್ಳಿರುತ್ತಾರೆ. ಬೇಸರ ಮಾಡ್ಕೋಬೇಡಿ.

ಹೆಜ್ಜೆ 1: ಕೋಶದ ಹೆಸರಿಗೆ ಗೆರೆ ಎಳೆಯಿರಿ

ಈ ಒಂದು ಹೆಜ್ಜೆಗೇ ನಿಮ್ಮ ಅರ್ಧ ಸಮಯ ಕೊಡಿ.

ವೈರಸ್ಸಿಗೆ ಸ್ವಂತ ಬದುಕಿಲ್ಲ. ಇನ್ನೊಂದು ಜೀವಕೋಶದೊಳಗೆ ಹೊಕ್ಕರೆ ಮಾತ್ರ ಅದು ಮರಿ ಹಾಕುತ್ತದೆ. ಹಾಗಾಗಿ ಲ್ಯಾಬ್‌ನಲ್ಲಿ ವೈರಸ್ ಬೆಳೆಸಬೇಕು ಅಂದರೆ ಮೊದಲು ಕೋಶ ಬೆಳೆಸಬೇಕು. 1949ರಲ್ಲಿ ಎಂಡರ್ಸ್, ವೆಲ್ಲರ್, ರಾಬಿನ್ಸ್ ಎಂಬ ಮೂವರು ಪೋಲಿಯೊ ವೈರಸ್ಸನ್ನು ನರವಲ್ಲದ ಅಂಗಾಂಶದಲ್ಲಿ ಗಾಜಿನ ಪಾತ್ರೆಯೊಳಗೆ ಬೆಳೆಸಿ ತೋರಿಸಿದರು. 1954ರಲ್ಲಿ ಅದಕ್ಕೆ ನೊಬೆಲ್ ಬಂತು. ಪೋಲಿಯೊ ಲಸಿಕೆಗೆ ದಾರಿಯಾಗಿದ್ದು ಅದೇ.

ಇವತ್ತು ಹೆಚ್ಚಿನ ಲ್ಯಾಬ್‌ಗಳು ಬಳಸುವುದು ‘ಸೆಲ್ ಲೈನ್’. ಅಂದರೆ ಯಾವತ್ತೋ ಒಂದು ಪ್ರಾಣಿಯಿಂದಲೋ ಮನುಷ್ಯರಿಂದಲೋ ತೆಗೆದು, ಮುಗಿಯದಂತೆ ಬೆಳೆಸುತ್ತಾ ಬಂದ ಕೋಶಗಳ ವಂಶ. ಇವುಗಳ ಹೆಸರು ಪಾಸ್‌ವರ್ಡ್ ತರಹ ಕಾಣುತ್ತವೆ. ಆದರೆ ಒಂದೊಂದಕ್ಕೂ ಊರು, ಮನೆ, ಸ್ವಭಾವ ಇದೆ. ನಾಲ್ಕು ಹೆಸರು ಗೊತ್ತಿದ್ದರೆ ಬಹಳಷ್ಟು ಲೇಖನ ಓದಬಹುದು.

ವೆರೊ. ಇದೇ ನಮ್ಮ ಕ್ಲೋರೋಕ್ವಿನ್ ಕಥೆಯ ಕೋಶ. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾದ ಹಸಿರು ಮಂಗವೊಂದರ ಮೂತ್ರಪಿಂಡದಿಂದ ಶುರುವಾದ ವಂಶ. ಎಸ್ಪೆರಾಂಟೊ ಭಾಷೆಯಲ್ಲಿ ‘ಹಸಿರು ಮೂತ್ರಪಿಂಡ’ ಎನ್ನುವ ಎರಡು ಪದ ಕತ್ತರಿಸಿ ಈ ಹೆಸರು ಮಾಡಿದರು. ಅದೇ ಭಾಷೆಯಲ್ಲಿ ವೆರೊ ಅಂದರೆ ಸತ್ಯ ಅಂತಲೂ ಆಗುತ್ತದೆ. ಈ ಕಥೆ ಗೊತ್ತಾದ ಮೇಲೆ ಹೆಸರು ಕೇಳಿದರೆ ನಗು ಬರುತ್ತದೆ, ಅಲ್ವಾ?

ವೆರೊ ಕೋಶದ ದೊಡ್ಡ ವಿಶೇಷ ಅಂದರೆ ಅದಕ್ಕೆ ಟೈಪ್ 1 ಇಂಟರ್‌ಫೆರಾನ್ ತಯಾರಿಸಲು ಬರುವುದಿಲ್ಲ. ವೈರಸ್ ಬಿದ್ದ ಕೋಶ ಅಕ್ಕಪಕ್ಕದ ಕೋಶಗಳಿಗೆ ‘ಕಳ್ಳ ಬಂದ’ ಅಂತ ಕೂಗುವ ಪದಾರ್ಥವೇ ಇಂಟರ್‌ಫೆರಾನ್. ವೆರೊದಲ್ಲಿ ಆ ಜೀನ್‌ಗಳೇ ಅಳಿಸಿಹೋಗಿವೆ. ಕೂಗಲು ಬಾರದ ಮನೆ. ಹಾಗಾಗಿ ನಾನಾ ವೈರಸ್‌ಗಳು ಅದರಲ್ಲಿ ಹುಲುಸಾಗಿ ಬೆಳೆಯುತ್ತವೆ.

ಲಸಿಕೆ ಮಾಡುವವರಿಗೆ ಇದು ವರ. ಕೋವ್ಯಾಕ್ಸಿನ್‌ಗೆ ವೈರಸ್ ಬೆಳೆಸಿದ್ದು ವೆರೊದಲ್ಲಿ. ಮಿದುಳು ಜ್ವರಕ್ಕೆ ಕೊಡುವ ಜೆನ್‌ವ್ಯಾಕ್ ಲಸಿಕೆಯ ವೈರಸ್ ತಳಿ ಸಿಕ್ಕಿದ್ದು ನಮ್ಮ ಕೋಲಾರದಲ್ಲಿ, ಅದನ್ನು ಬೆಳೆಸುವುದೂ ವೆರೊದಲ್ಲೇ. ಮಲೆನಾಡಿನ ಮಂಗನ ಕಾಯಿಲೆಗೆ ವರ್ಷಗಟ್ಟಲೆ ಕೊಟ್ಟ ಲಸಿಕೆಯ ವೈರಸ್ ಮಾತ್ರ ಕೋಳಿ ಭ್ರೂಣದ ಕೋಶದಲ್ಲಿ ಬೆಳೆದದ್ದು. ಈ ಜಾಗದಲ್ಲೆಲ್ಲ ಕೋಶ ಕೆಲಸ ಮಾಡುವುದು ಕಾರ್ಖಾನೆಯಾಗಿ. ಅಲ್ಲಿ ಮಂಗ, ಕೋಳಿ ಯಾವುದಾದರೂ ಸರಿ, ಬೆಳೆ ಬಂದರೆ ಆಯ್ತು. ಆದರೆ ‘ಈ ವೈರಸ್ ಮನುಷ್ಯರೊಳಗೆ ಹೇಗೆ ನುಗ್ಗುತ್ತದೆ’ ಅಂತ ಕೇಳುವಾಗ ಕೋಶ ಸಾಕ್ಷಿ ಹೇಳಬೇಕು. ವೆರೊ ಒಳ್ಳೆಯ ಕಾರ್ಖಾನೆ. ಸಾಕ್ಷಿಯಾಗಿ ಅಷ್ಟು ನಂಬಿಕೆಯದ್ದಲ್ಲ. ನನ್ನ ಹಾಳೆಯಲ್ಲಿ ನಾನು ಯಾವಾಗಲೂ ಕೋಶದ ಹೆಸರಿನ ಮುಂದೆ ‘ಕಾ’ ಅಥವಾ ‘ಸಾ’ ಅಂತ ಬರೆಯುತ್ತೇನೆ.

ಹೀಲಾ. 1951ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗರ್ಭಕಂಠದ ಕ್ಯಾನ್ಸರ್ ಗಡ್ಡೆಯಿಂದ, ಅವರನ್ನು ಒಂದು ಮಾತೂ ಕೇಳದೆ ತೆಗೆದ ಕೋಶಗಳು. ಅದೇ ವರ್ಷ ಅವರು ತೀರಿಕೊಂಡರು. ಕೋಶಗಳು ಇವತ್ತಿಗೂ ಬೆಳೆಯುತ್ತಿವೆ. ಎಷ್ಟು ಜೋರಾಗಿ ಬೆಳೆಯುತ್ತವೆ ಅಂದರೆ, ಬೇರೆ ಕೋಶಗಳ ಪಾತ್ರೆಗೆ ಒಂದು ಹನಿ ಸೇರಿದರೂ ಅಲ್ಲಿ ಇವೇ ತುಂಬಿಕೊಳ್ಳುತ್ತವೆ. ಬೇರೆ ಅಂಗದ್ದು ಅಂತ ನಂಬಿದ್ದ ಎಷ್ಟೋ ಸೆಲ್ ಲೈನ್‌ಗಳು ಅಸಲಿಗೆ ಹೀಲಾ ಅಂತ 1966ರಿಂದಲೇ ಬಯಲಾಗುತ್ತಾ ಬಂತು. ಅದಕ್ಕೇ ಒಳ್ಳೆಯ ಲೇಖನದಲ್ಲಿ ‘ಎಸ್‌ಟಿಆರ್ ಪರೀಕ್ಷೆ ಮಾಡಿದ್ದೇವೆ, ಮೈಕೊಪ್ಲಾಸ್ಮಾ ಇಲ್ಲ’ ಎನ್ನುವ ಸಾಲು ಇರುತ್ತದೆ. ಕೋಶದ ಗುರುತು ಸರಿ ಇದೆ, ಜತೆಗೆ ಕಳ್ಳ ಬ್ಯಾಕ್ಟೀರಿಯಾ ಇಲ್ಲ ಅಂತ ಅದರ ಅರ್ಥ. ಕೋಶ ಎಲ್ಲಿಂದ ತಂದರು ಅಂತಲೂ ಬರೆದಿರುತ್ತಾರೆ. ನಮ್ಮ ದೇಶದ ಲೇಖನಗಳಲ್ಲಿ ಪುಣೆಯ ಎನ್‌ಸಿಸಿಎಸ್ ಹೆಸರು ಕಾಣಬಹುದು, ಅದು ನಮ್ಮ ರಾಷ್ಟ್ರೀಯ ಕೋಶ ಭಂಡಾರ.

ಕ್ಯಾಲು-3 ಮತ್ತು ಎ549. ಎರಡೂ ಮನುಷ್ಯರ ಶ್ವಾಸಕೋಶದ ಕ್ಯಾನ್ಸರ್‌ನಿಂದ ಬಂದವು. ‘ಶ್ವಾಸಕೋಶದ ಕೋಶ’ ಅಂದ ಕೂಡಲೇ ಒಪ್ಪಿಕೊಳ್ಳಬೇಡಿ. ಕೊರೊನಾ ವೈರಸ್ಸಿಗೆ ಕೋಶದ ಮೇಲೆ ಎಸಿಇ2 ಎಂಬ ಹಿಡಿಕೆ ಬೇಕು. ಎ549ರಲ್ಲಿ ಅದು ತೀರಾ ಕಡಿಮೆ. ಹೊರಗಿನಿಂದ ಆ ಜೀನ್ ಸೇರಿಸದಿದ್ದರೆ ವೈರಸ್ ಸರಿಯಾಗಿ ಹತ್ತುವುದೇ ಇಲ್ಲ. ಕ್ಯಾಲು-3ರಲ್ಲಿ ಹಾಗಲ್ಲ, ಸಹಜವಾಗಿಯೇ ಹತ್ತುತ್ತದೆ. ಒಂದೇ ಅಂಗದ ಎರಡು ಕೋಶ, ಎರಡು ಬೇರೆ ಉತ್ತರ.

ಈಗ ಕ್ಲೋರೋಕ್ವಿನ್ ಎಲ್ಲಿ ಎಡವಿತು ಅಂತ ನೋಡಿ. ಕೊರೊನಾ ವೈರಸ್ ಕೋಶದೊಳಗೆ ಬರಲು ಎರಡು ದಾರಿ ಇವೆ. ಕೋಶದ ಹೊರಮೈ ಮೇಲೆ ಟಿಎಂಪಿಆರ್‌ಎಸ್‌ಎಸ್2 ಎಂಬ ಕತ್ತರಿ ಇದ್ದರೆ ಅದು ವೈರಸ್ಸಿನ ಮುಳ್ಳನ್ನು ಅಲ್ಲೇ ಕತ್ತರಿಸುತ್ತದೆ, ವೈರಸ್ ಮುಂಬಾಗಿಲಿನಿಂದಲೇ ಒಳಗೆ ಬರುತ್ತದೆ. ಆ ಕತ್ತರಿ ಇಲ್ಲದಿದ್ದರೆ ಕೋಶ ವೈರಸ್ಸನ್ನು ಒಂದು ಪುಟ್ಟ ಚೀಲದಲ್ಲಿ ನುಂಗುತ್ತದೆ. ಚೀಲದ ಒಳಗೆ ಆಮ್ಲ ಏರಿದಾಗ ಕ್ಯಾಥೆಪ್ಸಿನ್ ಎಂಬ ಬೇರೆ ಕತ್ತರಿ ಕೆಲಸ ಮಾಡುತ್ತದೆ. ಇದು ಹಿತ್ತಿಲ ಬಾಗಿಲು. ಕ್ಲೋರೋಕ್ವಿನ್ ಮಾಡುವುದು ಈ ಚೀಲದ ಆಮ್ಲ ಇಳಿಸುವ ಕೆಲಸ. ಅಂದರೆ ಹಿತ್ತಿಲ ಬಾಗಿಲಿಗೆ ಚಿಲಕ ಹಾಕುತ್ತದೆ.

ವೆರೊದಲ್ಲಿ ವೈರಸ್ಸಿಗೆ ಇರುವುದು ಹಿತ್ತಿಲ ಬಾಗಿಲು ಮಾತ್ರ. ಚಿಲಕ ಬಿದ್ದರೆ ಕಥೆ ಮುಗಿಯಿತು. ಶ್ವಾಸಕೋಶದಲ್ಲಿ ಮುಂಬಾಗಿಲು ಹಾರುಹೊಡೆದಿದೆ. ಅಲ್ಲಿ ಹಿತ್ತಿಲಿಗೆ ಚಿಲಕ ಹಾಕಿ ಏನು ಪ್ರಯೋಜನ?

ಇದನ್ನು ಜರ್ಮನಿಯ ಗ್ಯೋಟಿಂಗನ್‌ನ ಪ್ರೈಮೇಟ್ ಸೆಂಟರ್‌ನಲ್ಲಿ ಮಾರ್ಕುಸ್ ಹಾಫ್‌ಮನ್ ಮತ್ತು ಸ್ಟೆಫಾನ್ ಪೋಲ್‌ಮನ್ ತಂಡ ತೋರಿಸಿತು. ಅವರು ಮಾಡಿದ ಒಂದು ಜಾಣ ಕೆಲಸ ನೋಡಿ. ಅದೇ ವೆರೊ ಕೋಶಕ್ಕೆ ಟಿಎಂಪಿಆರ್‌ಎಸ್‌ಎಸ್2 ಜೀನ್ ಒಂದನ್ನೇ ಸೇರಿಸಿದರು. ಅಷ್ಟಕ್ಕೇ ಕ್ಲೋರೋಕ್ವಿನ್‌ನ ಹಿಡಿತ ಸಡಿಲವಾಯಿತು. ಕ್ಯಾಲು-3ರಲ್ಲೂ ಹಾಗೇ ಆಯಿತು. ಈ ಲೇಖನ 2020ರ ಜುಲೈನಲ್ಲಿ ‘ನೇಚರ್’ನಲ್ಲಿ ಬಂತು. ಆಸ್ಪತ್ರೆಯ ಉತ್ತರ ಜೂನ್‌ನಲ್ಲೇ ಬಂದಿತ್ತು, ಕಾರಣ ಆಮೇಲೆ ಸಿಕ್ಕಿತು.

ಕೋಶ ಉಲ್ಟಾ ದಿಕ್ಕಿಗೂ ಮೋಸ ಮಾಡಬಹುದು. ರೆಮ್‌ಡೆಸಿವಿರ್ ವೆರೊದಲ್ಲಿ ಸಾಧಾರಣವಾಗಿ ಕಂಡಿತು. ಮನುಷ್ಯರ ಶ್ವಾಸನಾಳದ ಕೋಶಗಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡಿತು. ಆ ಔಷಧಿ ಕೋಶದೊಳಗೆ ಹೋಗಿ ರೂಪ ಬದಲಿಸಿಕೊಂಡ ಮೇಲೇ ಚುರುಕಾಗುವುದು. ವೆರೊಗೆ ಆ ಅಡುಗೆ ಸರಿಯಾಗಿ ಬರುವುದಿಲ್ಲ. ವೆರೊ ಒಂದನ್ನೇ ನಂಬಿದ್ದರೆ ಒಳ್ಳೆಯ ಔಷಧಿಗೂ ಕಡಿಮೆ ಅಂಕ ಬೀಳುತ್ತಿತ್ತು.

ಹಾಳೆಯ ಮೇಲೆ ಮೂರು ಪ್ರಶ್ನೆ ಬರೆದು ಉತ್ತರ ತುಂಬಿ. ಯಾವ ಪ್ರಾಣಿಯ ಕೋಶ? ಯಾವ ಅಂಗದ್ದು? ವೈರಸ್ ನಿಜವಾಗಿ ಕಾಯಿಲೆ ತರುವ ಅಂಗಕ್ಕೂ ಇದಕ್ಕೂ ಏನು ಸಂಬಂಧ?

ಹೆಜ್ಜೆ 2: ವೈರಸ್ ಅಸಲಿಯಾ, ವೇಷವಾ, ಪಳಗಿದ್ದಾ?

ಮೆಥಡ್ಸ್‌ನಲ್ಲಿ ‘ಸ್ಯೂಡೋವೈರಸ್’ ಅಂತ ಕಂಡರೆ ಅದು ವೇಷಧಾರಿ. ಯಾವುದೋ ನಿರುಪದ್ರವಿ ವೈರಸ್ಸಿಗೆ ಅಪಾಯದ ವೈರಸ್ಸಿನ ಅಂಗಿ ತೊಡಿಸಿರುತ್ತಾರೆ. ಒಳಗೆ ನುಗ್ಗುವುದು ಹೇಗೆ ಅಂತ ನೋಡಲು ಇದು ಒಳ್ಳೆಯ ಉಪಾಯ. ದೊಡ್ಡ ಭದ್ರತೆಯ ಲ್ಯಾಬ್ ಬೇಕಿಲ್ಲ. ಆದರೆ ನುಗ್ಗಿದ ಮೇಲೆ ಏನಾಗುತ್ತದೆ ಅಂತ ಇದು ಹೇಳಲಾರದು. ಬಾಗಿಲ ಬಗ್ಗೆ ಮಾತ್ರ ನಂಬಿ, ಅಡುಗೆಮನೆ ಬಗ್ಗೆ ನಂಬಬೇಡಿ.

ಅಸಲಿ ವೈರಸ್ಸೇ ಆದರೂ ಲ್ಯಾಬ್‌ನಲ್ಲಿ ಎಷ್ಟು ಸಲ ಬೆಳೆಸಿದ್ದಾರೆ ಅಂತ ನೋಡಿ. ಇದಕ್ಕೆ ‘ಪ್ಯಾಸೇಜ್’ ಅನ್ನುತ್ತಾರೆ. ಒಂದೇ ಬಗೆಯ ಕೋಶದಲ್ಲಿ ಮತ್ತೆ ಮತ್ತೆ ಬೆಳೆಸಿದರೆ ವೈರಸ್ ಅದಕ್ಕೇ ಒಗ್ಗಿಕೊಳ್ಳುತ್ತದೆ, ಕಾಡಾನೆ ಸಕ್ರೆಬೈಲಿನ ಬಿಡಾರದಲ್ಲಿ ಪಳಗುವ ಹಾಗೆ. ಕೊರೊನಾ ವೈರಸ್ಸಿನ ಮುಳ್ಳಿನಲ್ಲಿ ಫ್ಯೂರಿನ್ ಎಂಬ ಕತ್ತರಿ ಕತ್ತರಿಸುವ ಒಂದು ಜಾಗ ಇದೆ. ವೆರೊದಲ್ಲಿ ಬೆಳೆಸುತ್ತಾ ಹೋದರೆ ಆ ಜಾಗವೇ ಕಳೆದುಹೋದ ವೈರಸ್‌ಗಳು ಮೇಲುಗೈ ಪಡೆಯುತ್ತವೆ. ಹಿತ್ತಿಲಿಂದ ಬರುವವರಿಗೆ ಮುಂಬಾಗಿಲ ಕೀಲಿ ಯಾಕೆ?

ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ದಡಾರದ್ದು. 1993ರಲ್ಲಿ ದಡಾರದ ವೈರಸ್ ಹಿಡಿದುಕೊಳ್ಳುವ ಹಿಡಿಕೆ ಸಿಡಿ46 ಅಂತ ಪತ್ತೆಯಾಯಿತು. ಪ್ರಯೋಗ ಸರಿಯಾಗಿತ್ತು. ಆದರೆ ಬಳಸಿದ್ದು ಎಡ್ಮನ್‌ಸ್ಟನ್ ಎಂಬ ಲ್ಯಾಬ್‌ನಲ್ಲಿ ಪಳಗಿದ ತಳಿ. ಮಕ್ಕಳಿಂದ ನೇರವಾಗಿ ತೆಗೆದ ವೈರಸ್ ಆ ಕೋಶಗಳಿಗೆ ಹತ್ತುತ್ತಲೇ ಇರಲಿಲ್ಲ. 2000ದಲ್ಲಿ ಜಪಾನಿನ ಯುಸುಕೆ ಯಾನಗಿ ತಂಡ ಕಾಡು ತಳಿ ಹಿಡಿಯುವುದು ರೋಗನಿರೋಧಕ ಕೋಶಗಳ ಮೇಲಿನ ಸ್ಲ್ಯಾಮ್ ಎಂಬ ಬೇರೆಯದೇ ಹಿಡಿಕೆಯನ್ನು ಅಂತ ತೋರಿಸಿತು. ದಡಾರ ಬಂದ ಮಗುವಿನ ರೋಗನಿರೋಧಕ ಶಕ್ತಿ ಯಾಕೆ ಕುಸಿಯುತ್ತದೆ ಎಂಬುದೂ ಆಗ ಅರ್ಥವಾಗತೊಡಗಿತು. ಆ ಏಳು ವರ್ಷ ಯಾರೂ ಸುಳ್ಳು ಹೇಳಿರಲಿಲ್ಲ. ಪಳಗಿದ ವೈರಸ್ಸನ್ನು ಕೇಳಿದ್ದರು, ಅದು ತನ್ನ ಕಥೆ ಹೇಳಿತ್ತು.

ಕೆಲವು ವೈರಸ್‌ಗಳಂತೂ ಯಾವ ಕೋಶಕ್ಕೂ ಜಗ್ಗುವುದಿಲ್ಲ. ಹೆಪಟೈಟಿಸ್ ಸಿ ಪತ್ತೆಯಾಗಿದ್ದು 1989ರಲ್ಲಿ. ಅದನ್ನು ಪಾತ್ರೆಯಲ್ಲಿ ಸಲೀಸಾಗಿ ಬೆಳೆಸಲು ಆಗಿದ್ದು 2005ರಲ್ಲಿ, ಅದೂ ಜಪಾನಿನ ಒಬ್ಬ ರೋಗಿಯಿಂದ ಸಿಕ್ಕ ಒಂದೇ ಒಂದು ತಳಿ, ಒಂದು ಬಗೆಯ ಯಕೃತ್ತಿನ ಕೋಶದಲ್ಲಿ.

ಹೆಜ್ಜೆ 3: ಎಷ್ಟು ವೈರಸ್, ಯಾವಾಗ?

‘ಎಂಓಐ’ ಎಂಬ ಸಂಖ್ಯೆ ಹುಡುಕಿ. ಒಂದು ಕೋಶಕ್ಕೆ ಸರಾಸರಿ ಎಷ್ಟು ವೈರಸ್ ಹಾಕಿದರು ಅಂತ ಅದು ಹೇಳುತ್ತದೆ. 0.01 ಅಂದರೆ ನೂರು ಕೋಶಕ್ಕೆ ಒಂದು. 1 ಅಂದರೆ ಕೋಶಕ್ಕೊಂದು. ಆದರೆ ಎಂಓಐ 1 ಇದ್ದರೂ ಸುಮಾರು ಶೇ. 37 ಕೋಶಗಳಿಗೆ ಏನೂ ತಾಗಿರುವುದಿಲ್ಲ. ಮಳೆ ಹನಿ ನೆಲದ ಮೇಲೆ ಸಮನಾಗಿ ಬೀಳುತ್ತದಾ? ಹಾಗೇ ಇದೂ, ಕೆಲವು ಕೋಶಕ್ಕೆ ಎರಡು ಮೂರು, ಕೆಲವಕ್ಕೆ ಸೊನ್ನೆ.

ಈ ಸಂಖ್ಯೆ ಬದಲಾದರೆ ಉತ್ತರವೂ ಬದಲಾಗುತ್ತದೆ. ಮಾರ್ಚ್ 2020ರ ಹೈಡ್ರಾಕ್ಸಿಕ್ಲೋರೋಕ್ವಿನ್ ಲೇಖನದಲ್ಲೇ ಎಂಓಐ 0.01 ಇದ್ದಾಗ ಅರ್ಧದಷ್ಟು ವೈರಸ್ ತಡೆಯಲು ಸುಮಾರು 4.5 ಮೈಕ್ರೊಮೋಲಾರ್ (ದ್ರವದಲ್ಲಿ ಔಷಧಿ ಎಷ್ಟು ಗಾಢವಾಗಿದೆ ಅಂತ ಅಳೆಯುವ ಮಾನ) ಸಾಕಾಗಿತ್ತು. 0.2 ಇದ್ದಾಗ 17ರ ಹತ್ತಿರ ಬೇಕಾಯಿತು. ಔಷಧಿ ಅದೇ, ಕೋಶ ಅದೇ.

ಔಷಧಿಯನ್ನು ಯಾವಾಗ ಹಾಕಿದರು ಅಂತಲೂ ನೋಡಿ. ವೈರಸ್‌ಗಿಂತ ಮುಂಚೆ ಹಾಕಿದಾಗ ಮಾತ್ರ ಕೆಲಸ ಮಾಡಿದರೆ ಅದು ಬಾಗಿಲಲ್ಲಿ ತಡೆಯುತ್ತಿದೆ. ಜ್ವರ ಬಂದು ಆಸ್ಪತ್ರೆಗೆ ಹೋದವರಿಗೆ ಅದರಿಂದ ಎಷ್ಟು ಲಾಭ ಅಂತ ನೀವೇ ಯೋಚಿಸಿ.

ಹೆಜ್ಜೆ 4: ಎಣಿಸಿದ್ದು ಏನನ್ನು?

ಪಿಸಿಆರ್ ಪರೀಕ್ಷೆ ಎಣಿಸುವುದು ವೈರಸ್ಸಿನ ವಂಶವಾಹಿಯಾದ ಆರ್‌ಎನ್‌ಎ ಚೂರುಗಳನ್ನು. ಜೀವಂತ ವೈರಸ್ಸು, ಮುರಿದ ವೈರಸ್ಸು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮದುವೆ ಮನೆಯ ಹೊರಗಿನ ಚಪ್ಪಲಿ ಎಣಿಸಿ ಊಟಕ್ಕೆ ಎಷ್ಟು ಜನ ಅಂತ ಹೇಳಿದ ಹಾಗೆ.

‘ಪ್ಲಾಕ್ ಅಸ್ಸೆ’ ಮಾಡಿದ್ದರೆ ಜಾಸ್ತಿ ನಂಬಿ. 1952ರಲ್ಲಿ ರೆನಾಟೊ ಡುಲ್ಬೆಕೊ ಪ್ರಾಣಿಗಳ ವೈರಸ್‌ಗೆ ಇದನ್ನು ತಂದರು. ಕೋಶಗಳ ಒಂದು ತೆಳು ಹಾಸಿನ ಮೇಲೆ ವೈರಸ್ ಹಾಕಿ, ಮೇಲೆ ಅಗರ್ ತರಹದ ಗಟ್ಟಿ ಪದರ ಹರಡುತ್ತಾರೆ. ವೈರಸ್ ದೂರ ಓಡಲಾರದು, ಪಕ್ಕದ ಕೋಶಗಳನ್ನೇ ಕೊಲ್ಲುತ್ತಾ ಹೋಗುತ್ತದೆ. ಕೆಲ ದಿನಕ್ಕೆ ಬಣ್ಣ ಹಾಕಿದರೆ ದೋಸೆಯ ತೂತಿನಂತೆ ಖಾಲಿ ಚುಕ್ಕೆಗಳು ಕಾಣುತ್ತವೆ. ಒಂದು ತೂತು ಅಂದರೆ ಶುರುವಿನಲ್ಲಿ ಕೆಲಸ ಮಾಡಬಲ್ಲ ಒಂದು ವೈರಸ್. ಎಪ್ಪತ್ತು ವರ್ಷ ಕಳೆದರೂ ಇದಕ್ಕಿಂತ ಪ್ರಾಮಾಣಿಕ ಎಣಿಕೆ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ.

ಗ್ರಾಫ್‌ನಲ್ಲಿ ‘ಲಾಗ್’ ಅಂತ ಇದ್ದರೆ ಗಾಬರಿಯಾಗಬೇಡಿ. 1 ಲಾಗ್ ಇಳಿದರೆ ಹತ್ತರಲ್ಲಿ ಒಂದು ಉಳಿಯಿತು. 2 ಲಾಗ್ ಇಳಿದರೆ ನೂರರಲ್ಲಿ ಒಂದು. ‘ಶೇ. 90 ವೈರಸ್ ನಾಶ’ ಎಂಬ ತಲೆಬರಹ 1 ಲಾಗ್ ಅಷ್ಟೇ. ದಿನಕ್ಕೆ ನೂರು ಪಟ್ಟು ಬೆಳೆಯುವ ವೈರಸ್ಸಿಗೆ ಅದು ಒಂದು ಮಧ್ಯಾಹ್ನದ ಕೆಲಸ.

ಹೆಜ್ಜೆ 5: ಆ ಪ್ರಮಾಣ ರಕ್ತದಲ್ಲಿ ಇರಲು ಸಾಧ್ಯವಾ?

ಇಲ್ಲಿ ಐವರ್‌ಮೆಕ್ಟಿನ್ ಕಥೆ ಹೇಳಲೇಬೇಕು. 2020ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನ್‌ನಿಂದ ಲೇಖನ ಬಂತು. ಒಂದೇ ಸಲ 5 ಮೈಕ್ರೊಮೋಲಾರ್ ಐವರ್‌ಮೆಕ್ಟಿನ್ ಹಾಕಿದರೆ 48 ಗಂಟೆಯಲ್ಲಿ ವೈರಸ್ಸಿನ ಆರ್‌ಎನ್‌ಎ ಸುಮಾರು 5,000 ಪಟ್ಟು ಇಳಿಯಿತು. ಕೇಳಲು ಪವಾಡ. ನಮ್ಮ ಹೆಜ್ಜೆ ಹಾಕಿ ನೋಡೋಣ. ಯಾವ ಕೋಶ? ವೆರೊದ ಒಂದು ತಳಿ, ದಡಾರದ ಅಧ್ಯಯನಕ್ಕೆ ಸ್ಲ್ಯಾಮ್ ಸೇರಿಸಿದ್ದು. ಎಣಿಸಿದ್ದು ಏನು? ಆರ್‌ಎನ್‌ಎ. ಪ್ರಮಾಣ? 5 ಮೈಕ್ರೊಮೋಲಾರ್. ಹುಳಕ್ಕೆ ಕೊಡುವ ಮಾಮೂಲಿ ಡೋಸ್ ತಗೊಂಡರೆ ರಕ್ತದಲ್ಲಿ ಸಿಗುವುದು ಇದರ ಒಂದು ಸಣ್ಣ ಪಾಲು, ಹತ್ತಾರು ಪಟ್ಟು ಕಡಿಮೆ. ಆಮೇಲೆ ಬ್ರೆಜಿಲ್‌ನಲ್ಲಿ 1,358 ರೋಗಿಗಳ ಮೇಲೆ ನಡೆದ ಟುಗೆದರ್ ಟ್ರಯಲ್‌ನ ಫಲಿತಾಂಶ 2022ರ ಮಾರ್ಚ್‌ನಲ್ಲಿ ಬಂತು. ಆಸ್ಪತ್ರೆ ಸೇರುವುದು ಕಡಿಮೆಯಾಗಲಿಲ್ಲ.

ಲೆಕ್ಕ ಹಾಕಲು ಎರಡು ಸಂಖ್ಯೆ ಹುಡುಕಿ. ಇಸಿ50 ಅಂದರೆ ವೈರಸ್ ಅರ್ಧಕ್ಕೆ ಇಳಿಯುವ ಔಷಧಿ ಪ್ರಮಾಣ. ಸಿಸಿ50 ಅಂದರೆ ಕೋಶಗಳೇ ಅರ್ಧ ಸಾಯುವ ಪ್ರಮಾಣ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಉತ್ತರ ದೊಡ್ಡದಿದ್ದಷ್ಟೂ ಒಳ್ಳೆಯದು. ಎರಡೋ ಮೂರೋ ಬಂದರೆ ವೈರಸ್ ಸತ್ತಿದ್ದು ಮನೆ ಸುಟ್ಟಿದ್ದರಿಂದ ಇರಬಹುದು. ಸೋಪು, ಫಿನಾಯಿಲ್, ಬಿಸಿ ಎಣ್ಣೆ ಎಲ್ಲವೂ ಪಾತ್ರೆಯಲ್ಲಿ ವೈರಸ್ ಕೊಲ್ಲುತ್ತವೆ. ಗಿಡಮೂಲಿಕೆ ಸಾರದ ಅಧ್ಯಯನಗಳಲ್ಲಿ ಸಿಸಿ50 ಕೊಟ್ಟೇ ಇಲ್ಲದಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಇದನ್ನು ಹೇಳಿ ಒಂದೆರಡು ದೊಡ್ಡಪ್ಪಂದಿರ ಸಿಟ್ಟಿಗೆ ಗುರಿಯಾಗಿದ್ದೂ ಆಗಿದೆ.

ಕಂಟ್ರೋಲ್ ಇದೆಯಾ ಅಂತ ಒಮ್ಮೆ ಕಣ್ಣಾಡಿಸಿ. ವೈರಸ್ ಹಾಕದ ಕೋಶ, ಔಷಧಿ ಕರಗಿಸಿದ ದ್ರವ ಮಾತ್ರ ಹಾಕಿದ ಕೋಶ, ಇವೆರಡೂ ಇರಲೇಬೇಕು.

ಹೆಜ್ಜೆ 6: ‘ಈ ದಾರಿಯಲ್ಲೇ ಬರುತ್ತದೆ’ ಅಂದರೆ ಎರಡು ಸಾಕ್ಷಿ ಕೇಳಿ

ಔಷಧಿಯ ಮಾತಿಲ್ಲದೆ, ವೈರಸ್ ಯಾವ ಹಿಡಿಕೆ ಹಿಡಿದು ಒಳಗೆ ಬರುತ್ತದೆ ಅಂತ ಮಾತ್ರ ಹೇಳುವ ಲೇಖನವಾದರೆ ಪರೀಕ್ಷೆ ಬೇರೆ. ತೆಗೆದು ನೋಡಿದ್ದಾರಾ? ಸೇರಿಸಿ ನೋಡಿದ್ದಾರಾ? ಹಿಡಿಕೆಯ ಜೀನ್ ಅಳಿಸಿದಾಗ ವೈರಸ್ ಬರದೆ ಹೋಗಬೇಕು. ವೈರಸ್ ಹತ್ತದ ಕೋಶಕ್ಕೆ ಅದೇ ಜೀನ್ ಸೇರಿಸಿದಾಗ ಹತ್ತಬೇಕು. ಒಂದೇ ಇದ್ದರೆ ಅರ್ಧ ಸಾಕ್ಷಿ.

ಸೇರಿಸಿ ನೋಡುವುದಕ್ಕೆ 2020ರ ಫೆಬ್ರವರಿಯಲ್ಲಿ ವುಹಾನ್‌ನಿಂದ ಬಂದ ಇನ್ನೊಂದು ಲೇಖನ ಮಾದರಿ. ಹೀಲಾ ಕೋಶಕ್ಕೆ ಕೊರೊನಾ ವೈರಸ್ ಹತ್ತುವುದಿಲ್ಲ. ಅದಕ್ಕೆ ಮನುಷ್ಯ, ಬಾವಲಿ, ಪುನುಗು ಬೆಕ್ಕು, ಹಂದಿ, ಇಲಿ ಇವುಗಳ ಎಸಿಇ2 ಜೀನನ್ನು ಒಂದೊಂದಾಗಿ ಸೇರಿಸಿ ನೋಡಿದರು. ಇಲಿಯದ್ದೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ವೈರಸ್ ಹತ್ತಿತು. ಒಂದೇ ಏಟಿಗೆ ಬಾಗಿಲು ಯಾವುದು ಅಂತಲೂ ಗೊತ್ತಾಯಿತು, ಮಾಮೂಲಿ ಲ್ಯಾಬ್ ಇಲಿಯಲ್ಲಿ ಆ ವೈರಸ್ಸಿನ ಅಧ್ಯಯನ ಮಾಡಲಾಗದು ಅಂತಲೂ ಗೊತ್ತಾಯಿತು.

ಹೆಜ್ಜೆ 7: ಆಮೇಲೆ ಏನಾಯಿತು?

ಲೇಖನ ಬಂದು ಒಂದೆರಡು ವರ್ಷ ಆಗಿದ್ದರೆ ಪಬ್‌ಮೆಡ್‌ನಲ್ಲಿ ಔಷಧಿಯ ಹೆಸರಿನ ಜತೆ ‘ಟ್ರಯಲ್’ ಎಂದು ಸೇರಿಸಿ ಹುಡುಕಿ. ಮಧ್ಯದ ಮೆಟ್ಟಿಲುಗಳೂ ಇವೆ. ಮನುಷ್ಯರ ಶ್ವಾಸನಾಳದ ಕೋಶಗಳನ್ನು ಕೆಳಗೆ ದ್ರವ, ಮೇಲೆ ಗಾಳಿ ಇರುವಂತೆ ಬೆಳೆಸುತ್ತಾರೆ. ಅವಕ್ಕೆ ಲೋಳೆ ಬರುತ್ತದೆ, ಕೂದಲಿನಂಥ ಎಳೆಗಳು ಅಲ್ಲಾಡುತ್ತವೆ. ಕರುಳಿನ ಕಾಂಡಕೋಶಗಳಿಂದ ಪುಟಾಣಿ ಕರುಳು ಬೆಳೆಸುತ್ತಾರೆ. ದಶಕಗಟ್ಟಲೆ ಯಾರ ಕೈಗೂ ಸಿಗದ ವಾಂತಿಭೇದಿಯ ನೋರೊವೈರಸ್ 2016ರಲ್ಲಿ ಪಳಗಿದ್ದು ಇಂಥ ಪುಟಾಣಿ ಕರುಳಿನಲ್ಲಿ. ಅದರ ಕೆಲವು ತಳಿಗಳಿಗೆ ಪಿತ್ತರಸ ಬೇಕೇ ಬೇಕಾಯಿತು. ಬರೀ ಕೋಶ ಸಾಲದು, ಕೋಶದ ಸುತ್ತಲ ಅಡುಗೆಯೂ ಬೇಕು ಅಂತ ಆಯ್ತು.

ಒಂದು ಎಚ್ಚರಿಕೆ. ಸರಿಯಾದ ಕೋಶದಲ್ಲಿ ಸರಿಯಾದ ಉತ್ತರ ಬಂದರೂ ಔಷಧಿ ಗೆಲ್ಲುತ್ತದೆ ಅಂತ ಇಲ್ಲ. ಗ್ಯೋಟಿಂಗನ್‌ನ ಅದೇ ತಂಡ 2020ರ ಮಾರ್ಚ್‌ನಲ್ಲೇ ಕ್ಯಾಮೊಸ್ಟಾಟ್ ಎಂಬ ಔಷಧಿ ಮುಂಬಾಗಿಲ ಕತ್ತರಿಯನ್ನು ತಡೆಯುತ್ತದೆ ಅಂತ ತೋರಿಸಿತ್ತು. ಜಪಾನಿನಲ್ಲಿ ಮೇದೋಜೀರಕದ ಊತಕ್ಕೆ ಕೊಡುವ ಹಳೆಯ ಔಷಧಿ ಅದು. ಕ್ಯಾಲು-3ರಲ್ಲೂ ಕೆಲಸ ಮಾಡಿತ್ತು. ಡೆನ್ಮಾರ್ಕ್‌ನಲ್ಲಿ ಆಸ್ಪತ್ರೆ ಸೇರಿದವರಿಗೆ ಕೊಟ್ಟು ನೋಡಿದಾಗ ಬೇಗ ಗುಣವಾಗಲಿಲ್ಲ. ಆ ಹೊತ್ತಿಗೆ ವೈರಸ್ ಒಳಗೆ ಬಂದು ದಿನಗಳಾಗಿರುತ್ತವೆ. ಹೆಜ್ಜೆ 3ರ ‘ಯಾವಾಗ’ ಎಂಬ ಪ್ರಶ್ನೆಗೆ ಇಲ್ಲಿ ಮತ್ತೆ ಹೋಗಬೇಕಾಗುತ್ತದೆ.

ಈಗ ನೀವೇ ಮಾಡಿ ನೋಡಿ

ಸುಮ್ನೆ ಓದಿದರೆ ಇದು ಕೈಗೆ ಹತ್ತುವುದಿಲ್ಲ. ಎರಡು ಲೇಖನ ಪಕ್ಕಪಕ್ಕದಲ್ಲಿ ತೆರೆಯಿರಿ. ಒಂದು, 2020ರ ಫೆಬ್ರವರಿಯಲ್ಲಿ ‘ಸೆಲ್ ರಿಸರ್ಚ್’ನಲ್ಲಿ ಬಂದ ಕ್ಲೋರೋಕ್ವಿನ್ ಮತ್ತು ರೆಮ್‌ಡೆಸಿವಿರ್ ಲೇಖನ. ಇನ್ನೊಂದು, ಅದೇ ವರ್ಷ ಜುಲೈನಲ್ಲಿ ‘ನೇಚರ್’ನಲ್ಲಿ ಬಂದ ಹಾಫ್‌ಮನ್ ತಂಡದ್ದು. ಎರಡೂ ಪುಕ್ಕಟೆ ಸಿಗುತ್ತವೆ, ಎರಡೂ ಕೆಲವೇ ಪುಟ. ಮೊದಲನೆಯದರಲ್ಲಿ ವೆರೊ ಇ6 (ವೆರೊದ ಒಂದು ಕವಲು), ಎಂಓಐ 0.05, ಕ್ಲೋರೋಕ್ವಿನ್‌ನ ಇಸಿ50 1.13 ಮೈಕ್ರೊಮೋಲಾರ್ ಎಂಬ ಮೂರನ್ನು ಹುಡುಕಿ ಗೆರೆ ಎಳೆಯಿರಿ. ಎರಡನೆಯದರಲ್ಲಿ ಒಂದೇ ಚಿತ್ರದ ಮೂರು ಗ್ರಾಫ್ ನೋಡಿ: ವೆರೊ, ಕತ್ತರಿ ಸೇರಿಸಿದ ವೆರೊ, ಕ್ಯಾಲು-3. ಮೊದಲ ಗ್ರಾಫ್‌ನಲ್ಲಿ ಔಷಧಿ ಜಾಸ್ತಿಯಾದಂತೆ ಕಂಬಗಳು ಕುಸಿಯುತ್ತವೆ. ಮೂರನೆಯದಕ್ಕೆ ಬಂದಾಗ ಏನಾಗುತ್ತದೆ ಅಂತ ನಿಮ್ಮ ಹಾಳೆಯಲ್ಲಿ ನೀವೇ ಬರೆಯಿರಿ.